ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ

ನನ್ನ ತಮ್ಮನ ಮಗಳು ಹೋದ ವರ್ಷ ಪೊಲೀಸ್ ಇಲಾಖೆಗೆ ಸೇರಿದಳು. ಮೊನ್ನೆ ಫೋನ್ ಮಾಡಿ, "ದೊಡ್ಡಪ್ಪಾ, ನನಗ ಪಾಸ್‌ಪೋರ್ಟ್ ವಿಚಾರಣೆ ಕೆಲಸ ಹಚ್ಯಾರ. ಅದರಾಗ ಏನರ ತ್ರಾಸ ಐತೇನು?" ಎಂದು ಕೇಳಿದಳು. "ಏನ ತ್ರಾಸವಾ, ಮನಿಗೆ ಹೋಗೂದು, ಮನುಷ್ಯಾ ಅದಾನೋ ಇಲ್ಲೋ ನೋಡೂದು, ಬರದ ಬರೂದು" ಎಂದೆ. ಫೋನ್ ಇಟ್ಟ ಮೇಲೆ ಮನಸ್ಸು ಚುಚ್ಚತೊಡಗಿತು. ಮನುಷ್ಯ ಇದ್ದಾನೋ ಇಲ್ಲವೋ ನೋಡುವುದರಲ್ಲೇ ನಾನು ಒಮ್ಮೆ ಮುಗ್ಗರಿಸಿದ್ದೆ. ಇದ್ದವಳನ್ನು ಇಲ್ಲವೆಂದು ಬರೆದು, ಕೆಳಗೆ ಸಹಿ ಹಾಕಿ, ಸಹಿಯ ಕೆಳಗೆ ಚೆಂದಕ್ಕೆ ಎರಡು ಚುಕ್ಕಿಯನ್ನೂ ಇಟ್ಟಿದ್ದೆ. ಅದನ್ನು ಆ ಹುಡುಗಿಗೆ ಹೇಳದೆ ಮುಚ್ಚಿಟ್ಟರೆ ದೊಡ್ಡಪ್ಪ ಅನ್ನಿಸಿಕೊಂಡು ಏನು ಉಪಯೋಗ? ಫೋನಿನಲ್ಲಿ ಹೇಳಲು ನಾಚಿಕೆ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ನೌಕರಿಯೆಲ್ಲ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲೇ ಕಳೆಯಿತು. ಯಾವ ಘಟನೆ ಯಾವ ಠಾಣೆಯಲ್ಲಿ ನಡೆಯಿತೆಂದು ಹೇಳುವುದಿಲ್ಲ. ಈಗ ಅಲ್ಲಿರುವವರು ಪಾಪ, ಅವರವರ ತಪ್ಪುಗಳೇ ಅವರಿಗೆ ಸಾಕಷ್ಟಿರುತ್ತವೆ. ಪಾಸ್‌ಪೋರ್ಟ್ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಅಕ್ಷರದ ದೆಸೆಯಿಂದ. ನಮ್ಮ ಫೌಜದಾರ ಸಾಹೇಬರು, ಎಂದರೆ ಠಾಣೆಯ ಸಬ್ ಇನ್‌ಸ್ಪೆಕ್ಟರ್, ನಾನು ಬರೆದ ಒಂದು ದೂರಿನ ಪ್ರತಿ ನೋಡಿ, "ಏ ಹವಾಲ್ದಾರಾ, ನಿನ್ನ ಅಕ್ಷರ ಭಾಳ ಚಲೋ ಅದಾವಲೇ. ಇಂಥಾ ಅಕ್ಷರದಾವರು ಕಳ್ಳರ ಬೆನ್ನ ಹತ್ತಬಾರದು" ಎಂದರು. ಅಂದಿನಿಂದ ಕಳ್ಳರ ಕಾಟ ನನಗೆ ತಪ್ಪಿತು, ನನ್ನ ಕಾಟ ಕಳ್ಳರಿಗೆ ತಪ್ಪಿತು.

ಕೆಲಸ ಇಷ್ಟೇ. ಪರದೇಶಕ್ಕೆ ಹೋಗುವವರು ಅರ್ಜಿ ಹಾಕುತ್ತಿದ್ದರು. ಆ ಕಾಗದ ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಠಾಣೆಗೆ ಬರುತ್ತಿತ್ತು. ನಾನು ಮನೆಗೆ ಹೋಗಿ, ಅರ್ಜಿ ಹಾಕಿದವರು ಅಲ್ಲಿ ಇದ್ದಾರೆಯೇ, ಅವರ ಮೇಲೆ ಕೇಸುಗಳಿವೆಯೇ ಎಂದು ನೋಡಿ, ನೆರೆಹೊರೆಯ ಇಬ್ಬರ ಸಹಿ ತೆಗೆದುಕೊಂಡು ವರದಿ ಬರೆಯಬೇಕು. ಅವಧಿ ಮುಗಿದ ಪಾಸ್‌ಪೋರ್ಟನ್ನು ಹೊಸದು ಮಾಡಿಸುವವರ ಮನೆಗೂ ಹೀಗೆಯೇ ಹೋಗಬೇಕಿತ್ತು. ಹತ್ತು ವರ್ಷದ ಹಿಂದೆ ಒಳ್ಳೆಯವನಾಗಿದ್ದ ಮನುಷ್ಯ ಈಗಲೂ ಒಳ್ಳೆಯವನೇ ಎಂದು ಸರಕಾರಕ್ಕೆ ಖಾತ್ರಿ ಬೇಕು. ಖಾತ್ರಿ ಕೊಡುವವನು ನಾನು. ನಾನು ಒಳ್ಳೆಯವನೋ ಅಲ್ಲವೋ ಎಂದು ಮೂವತ್ತು ವರ್ಷದಲ್ಲಿ ಯಾರೂ ನನ್ನ ನೆರೆಹೊರೆಯವರನ್ನು ಕೇಳಲಿಲ್ಲ.

ವರದಿಗೆ ಅದರದೇ ಆದ ಭಾಷೆಯಿತ್ತು. "ನಾನು ಹೋದೆ, ನೋಡಿದೆ" ಎಂದು ಬರೆದರೆ ಫೌಜದಾರರು ಕಾಗದ ತಿರುಗಿ ಎಸೆಯುತ್ತಿದ್ದರು. "ಖುದ್ದು ಭೇಟಿ ನೀಡಿ ವಿಚಾರಿಸಲಾಗಿ, ಸದರಿಯವರು ಸದರಿ ವಿಳಾಸದಲ್ಲಿ ವಾಸವಿರುವುದು ಕಂಡುಬಂದಿರುತ್ತದೆ" ಎನ್ನಬೇಕು. ಕಂಡದ್ದು ಯಾರಿಗೆ ಎಂಬುದು ಆ ವಾಕ್ಯದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಮುಂದೆ ಏನಾದರೂ ಎಡವಟ್ಟಾದರೆ ಹಿಡಿಯಲು ಮನುಷ್ಯನೇ ಇರುವುದಿಲ್ಲ. ಇದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಬಿಡಲು ಎಷ್ಟು ಹಿಡಿಯಿತೆಂದು ಮುಂದೆ ಹೇಳುತ್ತೇನೆ.

ಬೈಲಹೊಂಗಲದಲ್ಲಿ ಒಬ್ಬ ನಿವೃತ್ತ ಮಾಸ್ತರರು ಎರಡನೆಯ ಸಲ ಪಾಸ್‌ಪೋರ್ಟ್ ನವೀಕರಣಕ್ಕೆ ಹಾಕಿದ್ದರು. ಹಳೆಯ ಎರಡೂ ಪುಸ್ತಕಗಳನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ಬಿಚ್ಚಿ ತೋರಿಸಿದರು. ಒಂದು ಹಾಳೆಯ ಮೇಲೂ ಒಂದು ಶಿಕ್ಕಾ ಇರಲಿಲ್ಲ.

"ಯಾವ ದೇಶಕ್ಕ ಹೋಗಾವ್ರದೀರಿ ಸರ?" ಎಂದೆ.

"ಎಲ್ಲಿಗೂ ಇಲ್ಲ."

"ಮತ್ತ ಇದು ಯಾಕ್ರಿ?"

"ಹೋಗಬಾರದು ಅಂತ ನಾನ ಠರಾಯಿಸಬೇಕಪಾ. ಪಾಸ್‌ಪೋರ್ಟ್ ಮುಗದೈತಿ, ಪಾಪ ಅದಕ್ಕ ಮಾಸ್ತರ ಹೋಗಲಿಲ್ಲ ಅಂತ ಮಂದಿ ಅನ್ನಬಾರದು."

ಪ್ರಯಾಣದ ಉದ್ದೇಶ ಎಂಬಲ್ಲಿ ನಾನು ಪ್ರಾಮಾಣಿಕವಾಗಿ, "ಅರ್ಜಿದಾರರು ಸ್ವಇಚ್ಛೆಯಿಂದ ವಿದೇಶಕ್ಕೆ ಹೋಗದಿರುವ ಉದ್ದೇಶ ಹೊಂದಿರುತ್ತಾರೆ" ಎಂದು ಬರೆದೆ. ಫೌಜದಾರರು ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, "ಪ್ರವಾಸ ಅಂತ ಬರಿಲೇ" ಎಂದರು.

ಸವದತ್ತಿ ಕಡೆಯ ಒಂದು ಹಳ್ಳಿಯಲ್ಲಿ ಗೌಂಡಿ ಕೆಲಸದವನೊಬ್ಬ ದುಬೈಗೆ ಹೊರಟಿದ್ದ. ನಾನು ಹೋದಾಗ ಅವನು ಗೋಡೆ ಕಟ್ಟಲು ಹೋಗಿದ್ದ. ಹೆಂಡತಿಯೊಬ್ಬಳೇ ಇದ್ದಳು. "ನಿನ್ನ ಗಂಡನ ಹೆಸರೇನವಾ?" ಎಂದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಅಲ್ಲಿಲ್ಲ. ಹೆಸರು ಅವಳ ಬಾಯಿಂದಲೇ ಬರದೆ ನನ್ನ ಕಾಗದ ಮುಂದೆ ಹೋಗುವುದಿಲ್ಲ. ಕೊನೆಗೆ ಪಕ್ಕದ ಮನೆಯವಳು, "ಒಡಪ ಹಾಕಿ ಹೇಳ ತಂಗಿ" ಎಂದಳು. ಮದುವೆಯಲ್ಲಿ ಗಂಡನ ಹೆಸರನ್ನು ಪದ ಕಟ್ಟಿ ಹೇಳುತ್ತಾರಲ್ಲ, ಹಾಗೆ ಆ ತಾಯಿ ನೆಟ್ಟಗೆ ನಿಂತು, "ಹಿತ್ತಲದಾಗ ಹೂವಿನ ಬಳ್ಳಿ, ಅಂಗಳದಾಗ ತುಳಸಿ, ಮಲ್ಲಪ್ಪನ ಹೆಸರ ಹೇಳತೇನಿ ಹವಾಲ್ದಾರ್ರನ್ನ ಕುಂದ್ರಿಸಿ" ಎಂದಳು. ಹೇಳಿಕೆಯನ್ನು ಹೇಳಿದಂತೆಯೇ ಬರೆದುಕೊಳ್ಳಬೇಕೆಂಬ ಆದೇಶವಿತ್ತು. ಬರೆದುಕೊಂಡೆ. ಮೇಲಿನ ಕಚೇರಿಯಿಂದ ಹದಿನೈದು ದಿನಕ್ಕೆ ಆಕ್ಷೇಪಣೆ ಬಂತು: "ತುಳಸಿ ಎಂಬುವವರು ಯಾರು? ಅವರ ಹೇಳಿಕೆಯನ್ನು ಲಗತ್ತಿಸಿರುವುದಿಲ್ಲ."

ಇಂಥವು ಬಹಳ ಇವೆ, ನಗುವ ವಿಷಯಗಳು. ಈಗ ನಗಲು ಬಾರದ್ದನ್ನು ಹೇಳಬೇಕು.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮುರಗೋಡದಿಂದ ಒಳಗೆ ಹೋಗುವ ರಸ್ತೆಯ ಒಂದು ಊರಿನಿಂದ ನವೀಕರಣದ ಅರ್ಜಿ ಬಂತು. ಹೆಸರು ಶೋಭಾ. ಹುಟ್ಟಿದ್ದು ರಾಮದುರ್ಗ. ವೃತ್ತಿ ನರ್ಸ್. ಮದುವೆಗೆ ಮೊದಲು ನಾಲ್ಕು ವರ್ಷ ಮಸ್ಕತ್ತಿನ ಆಸ್ಪತ್ರೆಯಲ್ಲಿ ಇದ್ದವಳು. ಪಾಸ್‌ಪೋರ್ಟಿನ ಅವಧಿ ಮುಗಿದಿದೆ. ಗಂಡನ ಹೆಸರು ಈರಣ್ಣ, ವಿಳಾಸ ಮಾವ ರುದ್ರಗೌಡರ ಮನೆ.

ಹಳ್ಳಿಗೆ ಹೋಗುವ ಮೊದಲು ಹೇಳಿ ಕಳಿಸುವುದು ನನ್ನ ಪದ್ಧತಿ. ಮೂವತ್ತು ಕಿಲೋಮೀಟರ್ ಹೋಗಿ ಬೀಗ ನೋಡಿ ಬರಬಾರದಲ್ಲ. ಬಸ್ಸಿನ ಕಂಡಕ್ಟರನ ಕೈಯಲ್ಲಿ, "ಸೋಮವಾರ ಪಾಸ್‌ಪೋರ್ಟ್ ಹವಾಲ್ದಾರ ಬರತಾನಂತ ಗೌಡರ ಮನಿಗೆ ಹೇಳು" ಎಂದು ಸುದ್ದಿ ಕಳಿಸಿದೆ. ಹೇಳಿ ಕಳಿಸಿದ ಮನೆಯಲ್ಲಿ ಉಪಚಾರವೂ ಚೆನ್ನಾಗಿರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಉಪಚಾರ ಚೆನ್ನಾಗಿಯೇ ಆಯಿತು. ರುದ್ರಗೌಡರು ಊರಿಗೆ ದೊಡ್ಡವರು. ಅವರು ಕೆಮ್ಮಿದರೆ ಪಂಚಾಯತಿ ಕಚೇರಿಯಲ್ಲಿ ನೀರು ಕೊಡುತ್ತಿದ್ದರು. ಅಂಥವರು ತಾವೇ ಒಳಗೆ ಹೋಗಿ ತಾಟಿನಲ್ಲಿ ಶೇಂಗಾ ಹೋಳಿಗೆ, ಮೇಲೆ ತುಪ್ಪ ಹಾಕಿ ತಂದಿಟ್ಟರು. "ಹೆಣ್ಮಕ್ಕಳು ಯಾರೂ ಇಲ್ರಿ ಹವಾಲ್ದಾರ್ರ. ಕಟಕೋಳದಾಗ ಬೀಗರ ಮನ್ಯಾಗ ಬಸರಿಗೆ ಕುಬಸ ಮಾಡಾಕತ್ಯಾರ. ಎಲ್ಲಾರೂ ಅಲ್ಲಿಗೆ ಹೋಗ್ಯಾರ" ಎಂದರು. ಗೌಡರ ಕೈಯಿಂದ ತಾಟು ಬಂದದ್ದಕ್ಕೆ ನಾನು ಆಗಲೇ ಅರ್ಧ ಕರಗಿದ್ದೆ. ಕಾಗದ ತೆಗೆದು, "ಶೋಭಾ ಅನ್ನೂವ್ರ ಸಲುವಾಗಿ ಬಂದೇನ್ರಿ" ಎಂದೆ.

ಗೌಡರು ಕನ್ನಡಕ ಏರಿಸಿ ಕಾಗದ ನೋಡಿದರು. "ಶೋಭಾ? ಆ ಹೆಸರಿನಾಕಿ ಈ ಮನ್ಯಾಗ ಯಾರೂ ಇಲ್ಲಲ್ರಿ."

"ಗಂಡ ಈರಣ್ಣ ಅಂತ ಐತ್ರಿ."

"ಈರಣ್ಣ ನನ್ನ ಮಗಾ, ಖರೆ. ಅವನ ಹೇಣ್ತಿ ಹೆಸರು ಗಿರಿಜಾ." ಎದ್ದು ಹೋಗಿ ರೇಶನ್ ಕಾರ್ಡ್ ತಂದರು. ಅದರಲ್ಲಿ ಗಿರಿಜಾ ಎಂದೇ ಇತ್ತು. ಗೌಡರು ದನಿ ತಗ್ಗಿಸಿ, "ಯಾರೋ ನಮ್ಮ ಮನಿತನದ ಹೆಸರು ಹಚ್ಚಿ ಹೊರದೇಶಕ್ಕ ಹಾರಾಕ ನೋಡ್ಯಾರ. ಕಾಲ ಭಾಳ ಕೆಟ್ಟೈತ್ರಿ. ನಿಮ್ಮಂಥವರು ಇದ್ದದ್ದಕ್ಕ ಸಿಕ್ಕಬಿತ್ತು" ಎಂದರು.

ನಿಮ್ಮಂಥವರು ಎಂಬ ಮಾತು ಹೋಳಿಗೆಗಿಂತ ರುಚಿಯಾಗಿತ್ತು. ಅಂತರರಾಷ್ಟ್ರೀಯ ಮೋಸವೊಂದು ನನ್ನ ಕೈಗೆ ಸಿಕ್ಕಿದೆಯೆಂದು ಎದೆ ಉಬ್ಬಿತು. ನೆರೆಯ ಇಬ್ಬರನ್ನು ಕರೆಸಿದೆ. "ಗೌಡ್ರ ಹೇಳಿದಮ್ಯಾಲ ಮುಗೀತಲ್ರಿ" ಎಂದು ಅವರು ಕಾಗದ ಓದದೆ ಸಹಿ ಮಾಡಿದರು. ನಾನು ಮೂರನೆಯ ಹೋಳಿಗೆ ಮುರಿಯುತ್ತಿದ್ದೆ. ತಲೆಯ ಮೇಲೆ ಗೋಡೆಗೆ ಈರಣ್ಣನ ಮದುವೆಯ ಫೋಟೋ ತೂಗುಹಾಕಿತ್ತು. ತೊಡೆಯ ಮೇಲಿನ ಕಾಗದಕ್ಕೆ ಅದರಲ್ಲಿದ್ದ ಮದುಮಗಳದೇ ಮುಖದ ಪಾಸ್‌ಪೋರ್ಟ್ ಫೋಟೋ ಅಂಟಿಸಿತ್ತು. ಎರಡರ ನಡುವೆ ನಾನು ಕುಳಿತು ತಾಟು ನೋಡುತ್ತಿದ್ದೆ.

ಠಾಣೆಗೆ ಬಂದು ಬರೆದೆ: "ಸದರಿ ವಿಳಾಸದಲ್ಲಿ ಸದರಿ ಹೆಸರಿನವರು ಯಾರೂ ವಾಸವಿರುವುದಿಲ್ಲ. ಅರ್ಜಿಯು ಸಂಶಯಾಸ್ಪದವಾಗಿ ಕಂಡುಬರುತ್ತದೆ." ಫೌಜದಾರರು ಬೆನ್ನು ಚಪ್ಪರಿಸಿದರು.

ನಮ್ಮ ಸೀಮೆಯ ಓದುಗರು ಈಗಾಗಲೇ ನನ್ನನ್ನು ಬೈಯುತ್ತಿರುತ್ತಾರೆ. ಹೊರಗಿನವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಬಹಳ ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ಅಂದಿನಿಂದ ಅತ್ತೆಮನೆಯಲ್ಲಿ ಅದೇ ಹೆಸರು. ಇದು ಐದು ವರ್ಷದ ಕೂಸಿಗೂ ಗೊತ್ತಿರುವ ಪದ್ಧತಿ. ನನ್ನ ಹೆಂಡತಿಯ ಹೆಸರನ್ನೂ ನಾನೇ ಬರೆದಿದ್ದೆ. ಆದರೆ ಖಾಕಿ ಹಾಕಿಕೊಂಡು ಮನೆಯಿಂದ ಹೊರಬಿದ್ದರೆ, ಗೊತ್ತಿದ್ದದ್ದನ್ನೆಲ್ಲ ಗೂಟಕ್ಕೆ ನೇತುಹಾಕಿ ಬರುತ್ತಿದ್ದೆನೋ ಏನೋ.

ಒಂದೂವರೆ ತಿಂಗಳ ಮೇಲೆ ಠಾಣೆಗೆ ಒಬ್ಬಳು ಹೆಣ್ಣುಮಗಳು ಬಂದಳು. ಹೊರಗೆ ಬೇವಿನ ಗಿಡದ ಕೆಳಗೆ ಒಬ್ಬ ಗಂಡಸು ಮೋಟರ್ ಸೈಕಲ್ ಒರೆಸುತ್ತ ನಿಂತಿದ್ದ. ಒಳಗೆ ಬರಲಿಲ್ಲ. ಅವನೇ ಈರಣ್ಣ. ಹೆಂಡತಿ ಹೋಗಲೆಂದು ಅವನಿಗೂ ಇತ್ತು. ಅಪ್ಪನ ಎದುರು ಹಾಗೆ ಹೇಳುವ ಧೈರ್ಯವೊಂದು ಇರಲಿಲ್ಲ. ಇಡೀ ಪ್ರಕರಣದಲ್ಲಿ ಅವನು ಆ ಗಾಡಿಯನ್ನು ಒರೆಸಿದಷ್ಟು ಬೇರೇನೂ ಮಾಡಲಿಲ್ಲ.

ಅವಳು ಕುಳಿತು ಕೇಳಿದಳು, "ಪಾಸ್‌ಪೋರ್ಟ್ ಕೆಲಸಾ ನೋಡೂ ಹವಾಲ್ದಾರ್ರು ನೀವ ಏನ್ರಿ?"

"ಹೌದ್ರಿ ಬಾಯಾರ."

"ಗೌಡ್ರ ಮನಿಗೆ ಬಂದಿದ್ರೆಲ್ಲಾ, ಶೇಂಗಾ ಹೋಳಗಿ ಹೆಂಗಿದ್ದೂರಿ?"

"ಭಾಳ ಚಲೋ ಇದ್ದೂರಿ" ಎಂದೆ. ಬಾಯಿ ತಪ್ಪಿ, ಇನ್ನೂ ನೆನಪಿದೆ ಎಂದೂ ಸೇರಿಸಿದೆ.

"ಹಿಂದಿನ ದಿನಾ ನಾನ ಮಾಡಿಟ್ಟಿದ್ದೆ. ಮೂರು ತಿಂದೀರಂತ. ತಿಂದು ಬಂದು, ಮಾಡಿದಾಕಿ ಆ ಮನ್ಯಾಗ ಇಲ್ಲಂತ ಬರದೀರಿ."

ಬೆಂಗಳೂರಿನಿಂದ ಬಂದ ಪತ್ರವನ್ನು ಮೇಜಿನ ಮೇಲಿಟ್ಟಳು. ಪೊಲೀಸ್ ವರದಿ ಪ್ರತಿಕೂಲವಾಗಿರುವುದರಿಂದ ಅರ್ಜಿಯನ್ನು ತಡೆಹಿಡಿಯಲಾಗಿದೆ ಎಂದಿತ್ತು. ಅದರ ಪಕ್ಕದಲ್ಲಿ ಮಸ್ಕತ್ತಿನ ಆಸ್ಪತ್ರೆಯ ಪತ್ರ. ಎರಡು ತಿಂಗಳೊಳಗೆ ಬಂದು ಸೇರಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಅದರ ಪಕ್ಕದಲ್ಲಿ ಅವಧಿ ಮುಗಿದ ಹಳೆಯ ಪಾಸ್‌ಪೋರ್ಟ್. ಕೊನೆಗೆ ನರ್ಸಿಂಗ್ ಪ್ರಮಾಣಪತ್ರ. ಎಲ್ಲದರ ಮೇಲೂ ಶೋಭಾ.

ಒಳಗೆ ಕರೆದೊಯ್ದೆ. ಫೌಜದಾರರು ಎಲ್ಲವನ್ನೂ ಕೇಳಿ, "ಇದರಾಗೇನ ಐತಿ? ಗಿರಿಜಾ ಅಂತ ಹೊಸಾ ಅರ್ಜಿ ಹಾಕು ತಂಗಿ. ಕಣ್ಣ ಮುಚ್ಚಿ ಪಾಸ್ ಮಾಡತೇವಿ" ಎಂದರು.

"ಸಾಹೇಬ್ರ, ಗಿರಿಜಾ ಹತ್ತನೇತ್ತಾನೂ ಪಾಸಾಗಿಲ್ರಿ. ನರ್ಸಿಂಗ ಕಲತಾಕಿ ಶೋಭಾ. ಹದಿನಾರು ಹಾಸಗಿ ವಾರ್ಡ್ ಒಬ್ಬಾಕಿನ ನೋಡಕೊಂಡಾಕಿ ಶೋಭಾ. ಅವರು ಕರದದ್ದೂ ಶೋಭಾನ್ನ. ಗಿರಿಜಾಗ ರೊಟ್ಟಿ ಬಡ್ಯಾಕ ಬರತೈತಿ, ಮುಂಜಾನೆದ್ದು ಮಾವನವರ ಬೀಪಿ ನೋಡಾಕ ಬರತೈತಿ, ಅಷ್ಟ."

ಫೌಜದಾರರು ನನ್ನ ಕಡೆ ನೋಡಿದರು. ಅವಳು ಹೋದ ಮೇಲೆ ನಿಜವಾದ ಮಾತು ಹೇಳಿದರು. "ಬರದದ್ದನ್ನ ತಿದ್ದಿದ್ರ, ಮೊದಲ ಯಾರ ಬರದಾಂವ, ಯಾರ ಸಹಿ ಮಾಡಿದಾಂವ ಅಂತ ಕೇಳತಾರ. ಬರದಾಂವ ನೀನು, ಸಹಿ ಮಾಡಿದಾಂವ ನಾನು. ಒಂದ ಕೆಲಸಾ ಮಾಡು. ಮೊದಲನೇ ವಿಚಾರಣಿ ಆದಮ್ಯಾಲ ಆಕಿ ಆ ಮನಿಗೆ ಬಂದು ಉಳದಾಳ ಅಂತ ಬರಿ. ಎರಡೂ ವರದಿ ಖರೇ ಆಗತಾವ."

ಚೆಂದದ ಉಪಾಯ. ಆದರೆ ಒಂದು ವರ್ಷದಿಂದ ಒಂದೇ ಕಡೆ ಇಲ್ಲದವರ ಕಾಗದ ಅವರು ಹಿಂದೆ ಇದ್ದ ಊರಿನ ಠಾಣೆಗೂ ಹೋಗಬೇಕು. ಹಾಗೆ ಬರೆದರೆ ಇನ್ನೂ ಮೂರು ತಿಂಗಳು. ನಮ್ಮಿಬ್ಬರ ಮಾನ ಉಳಿಯುತ್ತದೆ, ಅವಳ ಮಸ್ಕತ್ ಹೋಗುತ್ತದೆ. ನಾನು ಏನು ಮಾಡಿದೆ? ಸರಕಾರಿ ನೌಕರರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ. ಕಾಗದವನ್ನು ಖಾನೆಯಲ್ಲಿಟ್ಟೆ.

ಎಂಟು ದಿನದಲ್ಲಿ ಅವಳು ಮೂರು ಸಲ ಬಂದಳು. ಮೊದಲ ಸಲ "ಸಾಹೇಬ್ರು ಬಂದೋಬಸ್ತಿಗೆ ಹೋಗ್ಯಾರ" ಎಂದೆ. ಎರಡನೆಯ ಸಲ "ನಾಳೆ" ಎಂದೆ. ಮೂರನೆಯ ಸಲ ಅವಳು ಏನನ್ನೂ ಕೇಳಲಿಲ್ಲ. ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತಳು. ನಾನು ಅವಳ ಮುಂದೆ ಹಾಯ್ದು ಹೋಗುವುದನ್ನು ತಪ್ಪಿಸಲು ಹಿಂದಿನ ಬಾಗಿಲಿನಿಂದ ಊಟಕ್ಕೆ ಹೋದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಇರಲಿ.

ಮನೆಯಲ್ಲಿ ರೊಟ್ಟಿ ಮುರಿದು ಹಾಗೇ ತಾಟಿನಲ್ಲಿಟ್ಟೆ. ಹೆಂಡತಿ ಏನಾಯಿತೆಂದು ಕೇಳಿದಳು. ಎಲ್ಲ ಹೇಳಿದೆ. ರೊಟ್ಟಿಯ ಬುಟ್ಟಿ ಕೆಳಗಿಟ್ಟು ಅವಳು ಎಂದಳು, "ನನ್ನ ತವರಮನಿ ಹೆಸರು ಹೇಳ್ರಿ ನೋಡೂನು."

ಹೇಳಿದೆ. ಆದರೆ ತುಸು ತಡವಾಯಿತು. ಎಷ್ಟು ತಡವೆಂದರೆ, ಅದು ಅವಳಿಗೆ ಗೊತ್ತಾಗುವಷ್ಟು. ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಗೌಡ್ರೇನ ಗುಡ್ಡದ ಮ್ಯಾಲಿಂದ ಬಂದಿಲ್ಲ ಬಿಡ್ರಿ, ನಿಮ್ಮಂಥಾವರ ಅವರೂ" ಎಂದು ತಾಟು ಎತ್ತಿಕೊಂಡು ಹೋದಳು. ಅಂದು ನನಗೆ ಅಳು ಬಂದಂತಾಯಿತು. ಮರುದಿನ ಮೊದಲ ಬಸ್ಸಿಗೇ, ಯಾರಿಗೂ ಹೇಳಿ ಕಳಿಸದೆ, ಆ ಊರಿಗೆ ಹೋದೆ.

ಗೌಡರು ಕಟ್ಟೆಯ ಮೇಲಿದ್ದರು. ಶೋಭಾ ಬಾಗಿಲಲ್ಲಿ ನಿಂತಿದ್ದಳು. ಮೊದಲು ಸಹಿ ಮಾಡಿದ ಇಬ್ಬರನ್ನು ಕರೆದು, ಇವಳೇ ಶೋಭಾ ಎಂದು ಸಹಿ ಮಾಡಿರಿ ಎಂದೆ. ಒಬ್ಬ ಗೌಡರ ಮುಖ ನೋಡಿ, "ಈಗ ತಿರಿಗಿ ಬ್ಯಾರೆ ಸಹಿ ಮಾಡಿದ್ರ ನಮ್ಮ ಸಹಿಗೆ ಏನ ಕಿಮ್ಮತ್ತ ಉಳೀತ್ರಿ?" ಎಂದ. ಓಣಿಯ ಉಳಿದ ಗಂಡಸರಿಗೆಲ್ಲ ಅದೇ ಗಳಿಗೆಯಲ್ಲಿ ಹೊಲದ ಕೆಲಸ ನೆನಪಾಯಿತು.

"ನಾ ಸುಳ್ಳ ಹೇಳೇನೇನ್ರಿ ಹವಾಲ್ದಾರ್ರ?" ಎಂದರು ಗೌಡರು. "ನಮ್ಮ ಮನ್ಯಾಗ ಗಿರಿಜಾ ಅದಾಳ. ಶೋಭಾ ಇಲ್ಲ. ಗೌಡರ ಮನಿ ಸೊಸಿ ಸಮುದ್ರ ದಾಟಿ ಮಂದಿ ಗಾಯ ತೊಳ್ಯಾಕ ಹೋದ್ರ ನಾ ಊರಾಗ ಹೆಂಗ ತಿರಗ್ಯಾಡ್ಲಿ?"

"ಇಲ್ರಿ ಗೌಡ್ರ, ನೀವು ಸುಳ್ಳ ಹೇಳಿಲ್ಲ. ಸುಳ್ಳ ಬರದಾಂವ ನಾನು" ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ತಿಳಿಯದು.

ಆಗ ಒಳಗಿನಿಂದ ಗೌಡರ ಹೆಂಡತಿ ಶಾಂತವ್ವನವರು ಬಂದರು. ಅರವತ್ತರ ಹತ್ತಿರದ ವಯಸ್ಸು. ಕೈಗೆ ಹಿಟ್ಟು ಮೆತ್ತಿತ್ತು. "ಎಲ್ಲಿ ಬರೀಬೇಕು ತೋರಸ್ರಿ, ನಾ ಹೆಬ್ಬಟ್ಟ ಒತ್ತತೇನಿ" ಎಂದರು.

"ಮನಿಯವರ ಸಾಕ್ಷಿ ನಡಿಯೂದಿಲ್ಲರಿ ಯವ್ವಾ. ನೆರೆಹೊರೆಯವರದ ಬೇಕು."

"ಕುಂತಿರ್ರಿ" ಎಂದು ಓಣಿಗೆ ಇಳಿದರು. ಅವರು ಯಾವ ಬಾಗಿಲಲ್ಲಿ ಏನು ಹೇಳಿದರೋ, ಕಾಲು ಗಂಟೆಯಲ್ಲಿ ಅಂಗಳದ ತುಂಬ ಹೆಂಗಸರು. ಅವರಲ್ಲಿ ಓದು ಬರಹ ಬಲ್ಲ ಇಬ್ಬರನ್ನು ಮುಂದೆ ತಂದು ನಿಲ್ಲಿಸಿದರು.

"ಹೆಸರ ಹೇಳ್ರಿ" ಎಂದೆ ಮೊದಲನೆಯವಳಿಗೆ.

"ಯಾವುದ್ರಿ? ತವರಮನಿದೋ, ಗಂಡನ ಮನಿದೋ?"

ಎಲ್ಲರೂ ಗೊಳ್ಳೆಂದು ನಕ್ಕರು. ಎರಡನ್ನೂ ಹೇಳಿರೆಂದೆ. ಹೇಳಿದಳು. ಎರಡನೆಯವಳೂ ಹೇಳಿದಳು. ಹಿಂದೆ ನಿಂತವಳೊಬ್ಬಳು ಯಾರೂ ಕೇಳದೆಯೇ ತನ್ನ ಹಳೆಯ ಹೆಸರು ಹೇಳಿದಳು. ಅವಳ ಪಕ್ಕದವಳು, ಅವಳ ಪಕ್ಕದವಳು, ಹೀಗೆ ಅಂಗಳದಲ್ಲಿ ಹೆಸರುಗಳು ಏಳುತ್ತಲೇ ಹೋದವು. ಎಷ್ಟೋ ವರ್ಷ ಒಂದೇ ಬಾವಿಯ ನೀರು ಸೇದಿದವರು, "ಅಯ್ಯ, ನಿನ್ನ ಹೆಸರ ಅದ?" ಎಂದು ಒಬ್ಬರನ್ನೊಬ್ಬರು ನೋಡಿ ಬೆರಗಾಗುತ್ತಿದ್ದರು. ನನಗೆ ಬೇಕಿದ್ದದ್ದು ಇಬ್ಬರ ಹೆಸರು. ಬರೆಯುವುದನ್ನು ಬಿಟ್ಟು ಸುಮ್ಮನೆ ಕೇಳುತ್ತ ಕುಳಿತೆ.

"ಆತು ಆತು, ಸಂತಿ ಹಚ್ಚಬ್ಯಾಡ್ರಿ ಇಲ್ಲೆ" ಎಂದು ಗೌಡರು ಗದರಿದರು.

ಶಾಂತವ್ವನವರು ಅವರ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದರು, "ನಂದು ಚಂದ್ರವ್ವ ಅಂತ. ನಲವತ್ತ ವರ್ಷ ಆತು, ಯಾರೂ ಕರದಿಲ್ಲ. ನೀವು ಬರಕೊಳ್ಳದಿದ್ರೂ ಅಡ್ಡಿ ಇಲ್ಲ, ಕೇಳಿಸಿಕೋರಿ. ನಂದಂತೂ ಹೋತು. ಈ ಹುಡುಗಿದು ಹೋಗಬಾರದು."

ಗೌಡರು ಹೆಂಡತಿಯ ಕಡೆ ತಿರುಗಿದರು. ಹೆಂಡತಿಯ ಮುಖವನ್ನು ಅವರು ಅಷ್ಟು ಹೊತ್ತು ನೋಡಿದ್ದನ್ನು ಊರವರು ಎಂದೂ ಕಂಡಿರಲಿಲ್ಲವಂತೆ.

ಅಂದು ಬರೆದ ವರದಿಯಲ್ಲಿ ನನ್ನ ಜನ್ಮದಲ್ಲೇ ಮೊದಲ ಸಲ "ನಾನು" ಎಂಬ ಶಬ್ದ ಬರೆದೆ. "ಮೊದಲ ವಿಚಾರಣೆಯಲ್ಲಿ ನಾನು ಫೋಟೋ ಹೋಲಿಸಿ ನೋಡಿರುವುದಿಲ್ಲ. ತಪ್ಪು ನನ್ನದು. ಶೋಭಾ ಎಂಬುವವರು ಮದುವೆಯಾದಾಗಿನಿಂದ ಈ ಮನೆಯಲ್ಲೇ ವಾಸವಿದ್ದಾರೆ." ಫೌಜದಾರರು ಓದಿ, "ಸರ್ವಿಸ್ ಬುಕ್ಕಿನ್ಯಾಗ ಕೆಂಪ ಶಾಯಿ ಬೀಳತೈತಿ ನೋಡಪಾ" ಎಂದರು. ಅರ್ಧ ಗಂಟೆ ಪೆನ್ನು ಕೈಯಲ್ಲಿ ಹಿಡಿದು ಕುಳಿತಿದ್ದು, ಕೊನೆಗೆ ಸಹಿ ಮಾಡಿದರು. ಆ ಮನುಷ್ಯನನ್ನು ಇಷ್ಟು ಹೊತ್ತು ಆಡಿಕೊಂಡಿದ್ದೇನೆ, ಈ ಸಹಿಯ ಮಟ್ಟಿಗೆ ಕೈಮುಗಿಯುತ್ತೇನೆ. ಕೆಂಪು ಶಾಯಿ ಬಿತ್ತು. ನನ್ನ ಬಡ್ತಿಯ ಕಥೆ ಏನಾಯಿತು ಎಂಬುದು ಯಾರಿಗೂ ಉಪಯೋಗವಿಲ್ಲದ್ದು, ಬರೆಯುವುದಿಲ್ಲ.

ಮುಂದೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಠಾಣೆಗೆ ಕಂಪ್ಯೂಟರ್ ಬಂತು. ಕೈಬರಹದವನ ಕಿಮ್ಮತ್ತು ಇಳಿಯಿತು. ಫೋಟೋ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿ ಬರತೊಡಗಿತು. ಆದರೆ ಯಾವ ಯಂತ್ರವೂ ಮನೆಯೊಳಗೆ ಹೋಗಿ, "ನಿನ್ನ ತವರುಮನೆಯ ಹೆಸರೇನವ್ವಾ?" ಎಂದು ಕೇಳುವುದಿಲ್ಲ. ಅದನ್ನು ನೀನೇ ಕೇಳಬೇಕು ಮಗಳೇ. ಗಂಡಸರನ್ನಲ್ಲ, ಅವಳನ್ನೇ ಕೇಳು. ಹೇಳಿ ಕಳಿಸದೆ ಹೋಗು. ಕಾಗದ ಮುಗಿಯುವವರೆಗೆ ಏನನ್ನೂ ತಿನ್ನಬೇಡ.

ವರದಿ ಹೋದ ಮೇಲೂ ನನಗೊಂದು ಹೆದರಿಕೆ ಉಳಿದಿತ್ತು. ಪಾಸ್‌ಪೋರ್ಟ್ ಬರುವುದು ಟಪಾಲಿನಲ್ಲಿ. ಟಪಾಲಿನವನು ಬಾಗಿಲಲ್ಲಿ ಹೆಸರು ಓದಿದಾಗ ಗೌಡರು ಮತ್ತೆ, ಅಂಥವರು ಇಲ್ಲ ಎಂದರೆ ಲಕೋಟೆ ಬಂದ ದಾರಿಯಲ್ಲೇ ವಾಪಸು. ಸೇರಬೇಕಾದ ದಿನಕ್ಕೆ ಎರಡು ವಾರವೂ ಉಳಿದಿರಲಿಲ್ಲ. ಅಂಚೆ ಕಚೇರಿಯವರಿಗೆ ಹೇಳಿಟ್ಟಿದ್ದೆ. ಲಕೋಟೆ ಬಂದ ದಿನ ಟಪಾಲಿನವನ ಸೈಕಲ್ಲಿನ ಜೊತೆಗೇ ಆ ಊರು ಸೇರಿ, ಗೌಡರ ಕಟ್ಟೆಯ ತುದಿಯಲ್ಲಿ ಹೋಗಿ ಕುಳಿತೆ. ಗೌಡರು ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ.

ಟಪಾಲಿನವನು ಲಕೋಟೆ ಹಿಡಿದು, "ಶೋಭಾ ಅನ್ನಾರು ಯಾರ್ರಿ?" ಎಂದ.

ಓಣಿಯಲ್ಲಿ ಕಸ ಹೊಡೆಯುತ್ತಿದ್ದ ಹೆಂಗಸರು ಕಸಬರಿಗೆ ಹಿಡಿದಂತೆಯೇ ನಿಂತರು. ಗೌಡರು ಲಕೋಟೆ ನೋಡಿದರು. ನನ್ನನ್ನು ನೋಡಿದರು. ರುಮಾಲು ತೆಗೆದು ಮುಖ ಒರೆಸಿಕೊಂಡರು. ಅವರಿಗೆ ಅದು ಎಷ್ಟು ಕಷ್ಟವಾಗುತ್ತಿತ್ತು ಎಂಬುದು ಕಣ್ಣಿಗೆ ಕಾಣುತ್ತಿತ್ತು, ನನಗೆ ಅವರ ಮೇಲೆ ಕನಿಕರವೂ ಬಂತು. ಆಮೇಲೆ ಒಳಗೆ ಮುಖ ಮಾಡಿ, ಸಣ್ಣ ದನಿಯಲ್ಲಿ, "ಶೋಭಾ" ಎಂದರು.

ಯಾರೂ ಬರಲಿಲ್ಲ. ಟಪಾಲಿನವನು ಗಡಿಯಾರ ನೋಡಿಕೊಂಡ.

"ಶೋಭಾ, ಏ ಶೋಭಾ" ಎಂದರು ಗೌಡರು, ಇನ್ನಷ್ಟು ಗಟ್ಟಿಯಾಗಿ. ಒಳಗೆ ಬಳೆಯ ಸದ್ದೂ ಇಲ್ಲ. ಮೂರನೆಯ ಸಲ ಎದ್ದು ನಿಂತು, ಆಚೆ ಓಣಿಗೂ ಕೇಳುವಂತೆ ಕೂಗಿದರು, "ಯವ್ವಾ ಶೋಭಾ, ನಿನ್ನ ಟಪಾಲ ಬಂದೈತಿ, ಹೊರಗ ಬಾ!"

ಆಗ ಬಂದಳು. ಸಹಿ ಮಾಡಿ ಲಕೋಟೆ ತೆಗೆದುಕೊಂಡಳು. ಮೊದಲಿಂದಲೂ ಬಾಗಿಲ ಹಿಂದೆಯೇ ನಿಂತಿದ್ದಳಂತೆ. ಅತ್ತೆ ಅವಳ ಮೊಳಕೈ ಹಿಡಿದುಕೊಂಡಿದ್ದರಂತೆ, ಇನ್ನೂ ಒಮ್ಮೆ ಕರೀಲಿ, ತಡಿ ಎಂದು.